ಓಟಿನ ಪಟ್ಟಿಯಲ್ಲಿ ಸಿಕ್ಕ ತವರು

ಝೆರಾಕ್ಸ್ ಯಂತ್ರದಿಂದ ಆಗತಾನೇ ಹೊರಬಿದ್ದ ಹಾಳೆಗೆ ಒಂದು ವಾಸನೆ ಇರುತ್ತದೆ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಹಳೆಯ ಬಟ್ಟೆಯ ಮೇಲೆ ಎಳೆದಾಗ ಬರುವಂಥದ್ದು. ಮೊನ್ನೆ ನನ್ನ ಪಿಂಚಣಿಯ ಕಾಗದಗಳನ್ನು ನಕಲು ಮಾಡಿಸಲು ಆಂಧ್ರದ ಗಡಿಯ ನಮ್ಮ ಆದೋನಿಯ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿದ್ದೆ. ಅಲ್ಲಿ ನಿಂತವರ ಕೈಯಲ್ಲೆಲ್ಲ ಹಳೆಯ ಮತದಾರರ ಪಟ್ಟಿಯ ಹಾಳೆಗಳು. ಪಟ್ಟಿಯನ್ನು ಹೊಸದಾಗಿ ತಿದ್ದುತ್ತಾರಂತೆ, ಹಳೆಯದರಲ್ಲಿ ಅಪ್ಪನದೋ ಅಜ್ಜನದೋ ಹೆಸರಿದ್ದರೆ ಒಳ್ಳೆಯದಂತೆ ಎಂದು ಯಾರೋ ಹೇಳಿದ್ದರು. ಒಬ್ಬ ಹುಡುಗಿ ಬಿಸಿ ಹಾಳೆಯನ್ನು ಕೈಗೆ ತಗೊಂಡವಳೇ, "ದೊರಕಿಂದಿ! ನಮ್ಮ ತಾತ ಇಲ್ಲಿ ಅದಾನ!" ಎಂದು ಕೂಗಿಬಿಟ್ಟಳು. ಎಲ್ಲರೂ ನಕ್ಕರು. ನನಗೆ ಮಾತ್ರ ಆ ವಾಸನೆಗೆ, ಆ ಕೂಗಿಗೆ, ಎದುರುಮನೆ ದೊಡ್ಡಮ್ಮ ನೆನಪಾದಳು.

ದೊಡ್ಡಮ್ಮ ರಕ್ತಸಂಬಂಧದವಳಲ್ಲ. ಹತ್ತಿ ಮಂಡಿಗಳ ಹಿಂದಿನ ನಮ್ಮ ಓಣಿಯಲ್ಲಿ ಆಕೆಯ ಮನೆ ನಮ್ಮ ಮನೆಗೆ ಎದುರು, ಅಷ್ಟೇ. ಆಕೆಯ ಗಂಡ ಹತ್ತಿ ದಲಾಲಿ ಮಾಡುತ್ತಿದ್ದವರು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲು. ತರಕಾರಿ ಗಾಡಿಯವನು ಆಕೆಯ ಮನೆ ದಾಟುವವರೆಗೆ ಉಸಿರು ಬಿಗಿಹಿಡಿದು ಹೋಗುತ್ತಿದ್ದ. ಅಂಥವಳೂ ಒಂದು ಮಾತಿಗೆ ಮಾತ್ರ ತಣ್ಣಗಾಗಿಬಿಡುತ್ತಿದ್ದಳು. ತವರು ಎಂಬ ಮಾತಿಗೆ.

ಆಕೆಗೆ ತವರು ಇತ್ತು, ಆದರೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಹುಟ್ಟಿದ್ದು ಮದ್ದಿಕೇರದಲ್ಲಿ. ತಾಯಿ ತೀರಿಕೊಂಡ ಮೇಲೆ ತಂದೆ ಎರಡನೆಯ ಮದುವೆಯಾದ. ಆದೋನಿಯ ಅಜ್ಜಿಗೆ, ಅಂದರೆ ತಾಯಿಯ ತಾಯಿಗೆ, ಅದು ಸೇರಲಿಲ್ಲ. ಜಗಳವಾಡಿ, ಇನ್ನೂ ಹಾಲುಹಲ್ಲು ಬೀಳದ ಮೊಮ್ಮಗಳನ್ನು ಎತ್ತಿಕೊಂಡು ಬಂದುಬಿಟ್ಟಳು. ಅಣ್ಣ ತಂದೆಯ ಹತ್ತಿರವೇ ಉಳಿದ. ಆ ಮನೆಯ ಸುದ್ದಿ ಎತ್ತಬಾರದೆಂದು ಅಜ್ಜಿ ಹಾಕಿದ ಆಣೆಯನ್ನು ಆಕೆ ಬದುಕಿರುವವರೆಗೆ ಯಾರೂ ಮುರಿಯಲಿಲ್ಲ. ಅಜ್ಜಿ ಹೋದ ಮೇಲೆ ಕೇಳಿದರೆ, ಮದ್ದಿಕೇರದಿಂದ ಅವರು ಎಂದೋ ಹೋಗಿದ್ದರು... ದೊಡ್ಡಮ್ಮನ ಹತ್ತಿರ ಉಳಿದಿದ್ದು ಹೆಸರುಗಳು ಮಾತ್ರ. ತಂದೆ ಬಸಪ್ಪ, ಅಣ್ಣ ವೀರಣ್ಣ, ಮಲತಾಯಿ ಗೌರಮ್ಮ.

ನಮ್ಮ ಕಡೆ ತವರಿಲ್ಲದ ಹೆಣ್ಣಿನ ಕಷ್ಟ ಶುಭ ಅಶುಭ ಎರಡರಲ್ಲೂ ಎದ್ದು ಕಾಣುತ್ತದೆ. ಮದುವೆಯಲ್ಲಿ ಉಳಿದವರ ಅಣ್ಣತಮ್ಮಂದಿರು ಮುಯ್ಯದ ಬುಟ್ಟಿ ಹೊತ್ತು, ಸೀರೆ ಕುಬಸ ತಂದು ತಮ್ಮ ಮನೆಯ ಹೆಣ್ಣಿಗೆ ಉಡಿಸುವಾಗ ಈಕೆ ಅಡುಗೆಮನೆ ಸೇರಬೇಕು. ಗಂಡ ತೀರಿಕೊಂಡಾಗಲೂ ತವರಿನ ಸೀರೆಯೇ ಬರಬೇಕು. ದೊಡ್ಡಮ್ಮನ ಗಂಡ ಹೋದ ದಿನ ಆ ಸೀರೆ ಬರಲಿಲ್ಲ. ಆಕೆಯ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ, ನಾಲ್ಕು ಜನರ ಮುಂದೆ, "ತವರಿಲ್ಲದಾಕಿಗೆ ಸೀರಿ ಎಲ್ಲಿಂದ ಬರಬೇಕು?" ಎಂದಳು. ಕೊನೆಗೆ ನಮ್ಮವ್ವ ತನ್ನ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದುಕೊಟ್ಟಳು. ಅದಾದ ಮೇಲೆ ದೊಡ್ಡಮ್ಮ ನಮ್ಮವ್ವನಿಗೆ ಹೇಳಿದ ಮಾತು ನಾನೇ ಕೇಳಿದ್ದೇನೆ.

"ಇದು ಆತು. ನಾ ಹೋಗುವಾಗರ ನನ್ನ ಮೈಮ್ಯಾಲ ನಮ್ಮ ಮನಿ ಸೀರಿ ಬೀಳಬೇಕು, ತಂಗೀ. ಇಲ್ಲಂದ್ರ ನಾ ಮಣ್ಣಿಗೆ ಹೋಗಂಗಿಲ್ಲ, ಕುಂತಲ್ಲೇ ಕುಂದರತೀನಿ."

ನಾನು ಆಗ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಟೀಚರು. ಪಾಠದ ಜೊತೆಗೆ ನಮಗೆ ಮತದಾರರ ಪಟ್ಟಿ ತಿದ್ದುವ ಕೆಲಸವನ್ನೂ ಅಂಟಿಸುತ್ತಿದ್ದರು. ಒಂದು ವರ್ಷ ನನ್ನದೇ ಓಣಿ ನನಗೆ ಬಂತು. ದೊಡ್ಡಮ್ಮನ ಮನೆಯ ಕಟ್ಟೆಯ ಮೇಲೆ ಕೂತು, ಕಾಯಿದೆಯ ಪ್ರಕಾರ ಗಂಡನ ಹೆಸರು ಕೇಳಿದೆ. ಆಕೆ ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ, ಸೊಸೆಯ ಕಡೆ ನೋಡಿದಳು. ಸೊಸೆಗೆ ಅದು ಮಾವನ ಹೆಸರು, ಅವಳೂ ಹೇಳುವಂತಿಲ್ಲ. ಇಬ್ಬರೂ ಸೇರಿ ನನ್ನ ಮುಖ ನೋಡಿದರು. ನಾನೇ ಹೇಳಿಕೊಂಡು ನಾನೇ ಬರೆದುಕೊಂಡೆ.

"ನಮ್ಮಪ್ಪನ ಹೆಸರು ಬರಕೊಳ್ಳಂಗಿಲ್ಲೇನು, ಟೀಚರಮ್ಮ?"

"ಇಲ್ಲ ದೊಡ್ಡಮ್ಮ. ಮದುವಿ ಆದಾಕಿಗೆ ಗಂಡನ ಹೆಸರೇ."

"ಹಂಗಾದ್ರ ನಮ್ಮಪ್ಪ ಯಾವ ಲಿಸ್ಟಿನ್ಯಾಗ ಅದಾನ?"

ಬಿಸಿಲು ನೆತ್ತಿಗೆ ಬಂದಿತ್ತು, ಇನ್ನೂ ಅರ್ಧ ಓಣಿ ಬಾಕಿ ಇತ್ತು, ನನಗೆ ರೇಗಿತು. "ಅವರ ಊರಿನ ಲಿಸ್ಟಿನ್ಯಾಗ ಇರ್ತಾನ, ಇಲ್ಲ್ಯಾಕ ಇರ್ತಾನ?" ಎಂದುಬಿಟ್ಟೆ. ಆಕೆ ಕಾಲು ನೀವಿಕೊಳ್ಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಹಳೇ ಲಿಸ್ಟು ಇಟ್ಟಿರ್ತಾರೇನು?" ಎಂದಳು. ಇಟ್ಟಿರುತ್ತಾರೆ ಎಂದು ಹೇಳುವಾಗಲೇ ನನಗೂ ಹೊಳೆಯಿತು. ಓಟು ಹಾಕಿದ ಮನುಷ್ಯ ಎಂದೋ ಒಂದು ಸಲ ಯಾವುದೋ ಊರಿನ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಮನೆ ನಂಬರಿನ ಸಮೇತ ಕೂತಿರಲೇಬೇಕು. ಬಡವನಾದರೂ ಸಾಹುಕಾರನಾದರೂ ಅಲ್ಲಿ ಒಂದೇ ಸಾಲು.

ಮೊದಲು ಹೋಗಿದ್ದು ಮದ್ದಿಕೇರಕ್ಕೇ, ಇನ್ನೆಲ್ಲಿಗೆ ಹೋಗಬೇಕಿತ್ತು? ಗುಂತಕಲ್ಲಿನಲ್ಲಿ ಬಸ್ಸು ಬದಲಿಸಿ ಇಬ್ಬರೂ ಹೋದೆವು. ಅಲ್ಲಿನ ಎಮ್ಮಾರ್ವೋ, ಅಂದರೆ ತಹಶೀಲ್ದಾರರ, ಆಫೀಸಿನಲ್ಲಿ ನನ್ನ ಇಲೆಕ್ಷನ್ ಡ್ಯೂಟಿಯ ಗುರುತಿನವರು ಒಬ್ಬರಿದ್ದರು. ಅರ್ಜಿ ಬರೆಸಿಕೊಂಡು, ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ತೆಲುಗು ಪಟ್ಟಿಗಳನ್ನು ತೆಗೆದುಕೊಟ್ಟರು. ನಮ್ಮ ಸೀಮೆಯಲ್ಲಿ ಬಸಪ್ಪ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಪಟ್ಟಿಯಲ್ಲೂ ಹಾಗೇ, ಎಲ್ಲಿ ನೋಡಿದರೂ ಬಸಪ್ಪಂದಿರು. ಅವರಲ್ಲಿ ವೀರಣ್ಣ ಎಂಬ ಮಗನಿದ್ದ ಒಬ್ಬ ಬಸಪ್ಪ ಸಿಕ್ಕಿದ. ದೊಡ್ಡಮ್ಮ ನನ್ನನ್ನು ಹಿಂದೆ ಬಿಟ್ಟು ಆ ಮನೆಯತ್ತ ನಡೆದಳು, ಓಡಿದಳು ಎಂದರೂ ಸುಳ್ಳಲ್ಲ.

ಅದು ಬೇರೆ ಮನೆ. ಆ ವೀರಣ್ಣನ ತಾಯಿ ಇನ್ನೂ ಬದುಕಿದ್ದಳು, ಮಾತಾಡಿದ ಕೂಡಲೇ ತಿಳಿಯಿತು. ಆದರೂ ಒಳ್ಳೆಯ ಜನ, ರೊಟ್ಟಿ ಪುಂಡಿಪಲ್ಯ ಉಣ್ಣಿಸದೆ ಬಿಡಲಿಲ್ಲ. ಆ ಮುದುಕಿಗೆ ದೊಡ್ಡಮ್ಮನ ಮನೆತನದ ನೆನಪಿತ್ತು. "ಬಾವಿ ಹತ್ತಿರದ ಬಸಪ್ಪ ಏನು? ಅವರು ಗಾಡಿ ಕಟ್ಟಿಗೊಂಡು ಊರು ಬಿಟ್ಟು ಯಾವ ಕಾಲ ಆತು. ಎಲ್ಲಿಗಂತ ನನಗ ನೆಪ್ಪಿಲ್ಲವ್ವ" ಎಂದಳು. ದೊಡ್ಡಮ್ಮನ ಮುಖ ಸಪ್ಪಗಾದದ್ದನ್ನು ನೋಡಿ ಕೈ ಹಿಡಿದು, "ಸಿಗದಿದ್ರ ನಮ್ಮನ್ನೇ ತವರು ಅನ್ಕೋ. ನಮ್ಮುಡುಗ ಮುಯ್ಯ ತರ್ತಾನ" ಎಂದಳು. ಎಂಥ ದೊಡ್ಡ ಮಾತು! ದೊಡ್ಡಮ್ಮ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ನಿನ್ನ ಹೊಟ್ಟಿ ತಣ್ಣಗಿರಲಿ ತಾಯಿ. ಆದರ ನನಗ ತವರು ಬೇಕು, ದಾನ ಬ್ಯಾಡ."

ಬಸ್ಸಿನಲ್ಲಿ ಆಕೆ ದಾಟಿಹೋಗುವ ಹಳ್ಳಿಗಳನ್ನೇ ನೋಡುತ್ತ ಕೂತಳು. ಇಷ್ಟು ಹಳ್ಳಿಗಳಲ್ಲಿ, ಇಷ್ಟು ಬಸಪ್ಪಂದಿರಲ್ಲಿ ಎಲ್ಲಿ ಹುಡುಕುವುದು? ನಾನು ಒಳಗೊಳಗೆ ಕೈಬಿಟ್ಟಿದ್ದೆ.

ಆಮೇಲೆ ಎಷ್ಟೋ ದಿನ ಹೋದವು. ನಮ್ಮ ಶಾಲೆಗೆ ಗೋನೆಗಂಡ್ಲದ ಒಬ್ಬ ಮೇಷ್ಟರು ವರ್ಗವಾಗಿ ಬಂದರು. ಹಾಜರಿಯಲ್ಲಿ ನನ್ನ ಹೆಸರಿನ ಮುಂದೆ ಗೋನೆಗಂಡ್ಲ ಎಂದಿರುವುದನ್ನು ನೋಡಿ, "ಏಮ್ಮಾ, ನಮ್ಮೂರವರಾ ನೀವು? ಗೋನೆಗಂಡ್ಲದವರು ಅಂಬೋ ಮನಿ ನಮ್ಮೂರಾಗ ಇಲ್ಲವಲ್ಲಾ!" ಎಂದು ತಮಾಷೆ ಮಾಡಿದರು. ತೆಲುಗಿನವರಿಗೆ ಹೆಸರಿನ ಮುಂದೆ ಮನೆಯ ಹೆಸರು ಇರಲೇಬೇಕು. ನಮ್ಮಂಥ ಕನ್ನಡದವರಿಗೆ ಎಷ್ಟೋ ಜನಕ್ಕೆ ಅದಿಲ್ಲ. ಬರೆದುಕೊಳ್ಳುವವರು ಕೇಳಿದರೆ ನಮ್ಮ ಹಿರಿಯರು ತಾವು ಬಿಟ್ಟುಬಂದ ಊರಿನ ಹೆಸರು ಹೇಳುತ್ತಿದ್ದರು, ಅದೇ ಮನೆಯ ಹೆಸರಾಗಿ ಕೂತುಬಿಡುತ್ತಿತ್ತು. ನನ್ನ ಅಜ್ಜನೂ ಅದನ್ನೇ ಮಾಡಿದ್ದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಸಾರ್, ಗೋನೆಗಂಡ್ಲದಾಗ ಕುಂತವರನ್ನ ಯಾರು ಗೋನೆಗಂಡ್ಲದವರು ಅಂತಾರ? ಊರು ಬಿಟ್ಟು ಬಂದವರಿಗೇ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಂತೆ.

ಊರು ಬಿಟ್ಟು ಬಂದವರಿಗೇ! ಮದ್ದಿಕೇರದವರನ್ನು ಮದ್ದಿಕೇರದಲ್ಲಿ ಹುಡುಕಿ ಬಂದಿದ್ದೆವಲ್ಲ, ನನ್ನ ತಲೆಗೆ ಏನು ಹೇಳಬೇಕು? ಬಸಪ್ಪನನ್ನು ಬಿಟ್ಟು ಬೇರೆ ಊರುಗಳ ಪಟ್ಟಿಯಲ್ಲಿ ಮದ್ದಿಕೇರ ಎಂಬ ಮನೆಯ ಹೆಸರನ್ನು ಹುಡುಕಬೇಕಿತ್ತು. ಗಂಟೆ ಹೊಡೆದ ಕೂಡಲೇ ಮನೆಗೆ ಬಂದು, ಚಪ್ಪಲಿ ಸಮೇತ ದೊಡ್ಡಮ್ಮನ ನಡುಮನೆಗೆ ನುಗ್ಗಿ ಬೈಸಿಕೊಂಡೆ. ಬೈಗುಳ ಮುಗಿದ ಮೇಲೆ ಸಂಗತಿ ಹೇಳಿದೆ. ಆಕೆ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. "ಮದ್ದಿಕೇರಕ್ಕ ತಾಲೂಕು ಪತ್ತಿಕೊಂಡ. ಅಲ್ಲಿಂದ ಶುರು ಮಾಡು" ಎಂದಳು.

ಪತ್ತಿಕೊಂಡದ ಹಳೆಯ ಪಟ್ಟಿಯ ನಕಲು ಸಿಗಲು ಅಲೆದಾಡಿದ್ದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನನ್ನ ಜಂಬವೇ ಹೆಚ್ಚಾದೀತು. ಅಂತೂ ಒಂದು ಭಾನುವಾರ ಆ ಝೆರಾಕ್ಸ್ ಕಂತೆಯನ್ನು ಆಕೆಯ ನಡುಮನೆಯಲ್ಲಿ ಹರಡಿದೆ. ದೊಡ್ಡಮ್ಮ ಸಣ್ಣಂದಿನಲ್ಲಿ ಕನ್ನಡ ಶಾಲೆಗೆ ಹೋದವಳು. ತೆಲುಗು ಅಕ್ಷರಕ್ಕೆ ತಲೆಕಟ್ಟು ಬೇರೆಯಾದರೂ ಮೈ ನಮ್ಮದೇ. ಒಂದು ಚೀಟಿಯಲ್ಲಿ ಮದ್ದಿಕೇರ ಎಂದು ತೆಲುಗಿನಲ್ಲಿ ಬರೆದುಕೊಟ್ಟು, ಪ್ರತಿ ಸಾಲಿನ ಮೊದಲ ಪದ ಮಾತ್ರ ನೋಡು ಎಂದೆ. ಅರ್ಧ ಕಂತೆ ಆಕೆಗೆ, ಅರ್ಧ ನನಗೆ. ಸೊಸೆ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ತಂದಿಟ್ಟಳು. ಆಕೆ ಮುಟ್ಟಲಿಲ್ಲ, ನಾನು ಎರಡು ತಟ್ಟೆಯನ್ನೂ ಖಾಲಿ ಮಾಡಿದೆ.

ಆಕೆಯ ಬೆರಳು ಹಾಳೆಯ ಮೇಲೆ ಸರಿಯುವ ಸದ್ದು ಕೇಳುತ್ತಲೇ ಇತ್ತು. ಒಮ್ಮೆ ನಿಂತಿತು. ನಾನು ತಲೆಯೆತ್ತಿದೆ. ಚೀಟಿಯನ್ನು ಆ ಸಾಲಿನ ಕೆಳಗೆ ಇಟ್ಟು ಒಂದೊಂದೇ ಅಕ್ಷರ ಹೋಲಿಸುತ್ತಿದ್ದಳು.

"ಇದು ನೋಡು. ಇದೇ ಅಲ್ಲೇನು?"

ಮದ್ದಿಕೇರ ವೀರಣ್ಣ, ತಂದೆ ಬಸಪ್ಪ. ಅದೇ ಮನೆ ನಂಬರಿನಲ್ಲಿ ಮುಂದಿನ ಸಾಲು: ಮದ್ದಿಕೇರ ಗೌರಮ್ಮ, ಗಂಡ ಬಸಪ್ಪ. ನಾನು ಓದಿದೆ. ಇನ್ನೊಮ್ಮೆ ಓದು ಎಂದಳು, ಓದಿದೆ. ಆಮೇಲೆ ನಾವಿಬ್ಬರೂ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದರು. ಸೊಸೆ ಅಳುತ್ತಿದ್ದಳು, ದೊಡ್ಡಮ್ಮನ ಮಗ ಅಂಗಿ ಹಾಕಿಕೊಳ್ಳದೆ ಓಣಿಗೆ ಓಡಿ ಸುದ್ದಿ ಹೇಳುತ್ತಿದ್ದ.

ಗಲಾಟೆ ಇಳಿದ ಮೇಲೆ ದೊಡ್ಡಮ್ಮ ಮತ್ತೆ ಹಾಳೆ ನೋಡಿದಳು. ಆ ಮನೆಯಲ್ಲಿ ಬಸಪ್ಪನ ಸಾಲು ಇರಲಿಲ್ಲ. ಹೆಂಡತಿಯ ಹೆಸರಿನ ಪಕ್ಕ, ಮಗನ ಹೆಸರಿನ ಪಕ್ಕ ಅವನಿದ್ದ, ತನ್ನದೊಂದು ಸಾಲಿನಲ್ಲಿ ಇರಲಿಲ್ಲ. ನಾನು ಹೇಳಬೇಕಾಗಿ ಬರಲಿಲ್ಲ. "ನಮ್ಮಪ್ಪ ಆಗಲೇ ಹೋಗಿದ್ದ" ಎಂದು ತಾನೇ ಹೇಳಿ, ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡು ಬಂದಳು. ಆಮೇಲೆ ಉಗ್ಗಾಣಿ ಎಲ್ಲಿ ಎಂದು ಕೇಳಿದಳು.

ಆ ವರ್ಷದ ಹೊಸ ಪಟ್ಟಿಯಲ್ಲೂ ಆ ಮನೆಯಲ್ಲಿ ವೀರಣ್ಣ ಇದ್ದ, ಜೊತೆಗೆ ಅವನ ಹೆಂಡತಿ ಮಕ್ಕಳು. ಮರುವಾರವೇ ಆಸ್ಪರಿ ಮೇಲೆ ಹೋಗುವ ಬಸ್ಸು ಹತ್ತಿದೆವು. ಪತ್ತಿಕೊಂಡದ ಪೇಟೆಯಲ್ಲಿ ಹಗ್ಗ, ಮೂಗುದಾಣ, ಎತ್ತಿನ ಗೆಜ್ಜೆ ಮಾರುವ ಸಣ್ಣ ಅಂಗಡಿ. ಒಬ್ಬ ಮುದುಕ ಹಗ್ಗದ ಸಿಂಬಿ ಸುತ್ತುತ್ತ ಕೂತಿದ್ದ. ದೊಡ್ಡಮ್ಮ ನನ್ನನ್ನು ಮಾತಾಡಗೊಡಲಿಲ್ಲ.

"ಏನು ಬೇಕವ್ವ?" ಎಂದು ಅವನೇ ಕೇಳಿದ.

"ಮದ್ದಿಕೇರ ಬಸಪ್ಪನ ಮಗ ಅದೀಯೇನು?"

"ಹೂಂ. ನೀವ್ಯಾರು?"

"ನಿನಗೊಬ್ಬಾಕಿ ತಂಗಿ ಇದ್ಲೇನು?"

ಮುದುಕ ಹಗ್ಗ ಕೆಳಗಿಟ್ಟ. ಆಕೆಯ ಮುಖವನ್ನು ಎಷ್ಟೋ ಹೊತ್ತು ನೋಡಿ, ಮೆಲ್ಲಗೆ ಒಂದು ಹೆಸರು ಹೇಳಿದ. ನಾನು ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಮದುವೆಯಲ್ಲಿ ಅತ್ತೆಮನೆಯವರು ಆಕೆಯ ಹೆಸರನ್ನು ಬದಲಿಸಿದ್ದರು, ಹುಟ್ಟಿದ ಹೆಸರನ್ನು ಕರೆಯುವವರು ಆದೋನಿಯಲ್ಲಿ ಯಾರೂ ಇರಲಿಲ್ಲ. ಅದು ಅವರಿಬ್ಬರ ಹೆಸರು, ಇಲ್ಲಿ ಬರೆಯುವುದಿಲ್ಲ. ದೊಡ್ಡಮ್ಮ "ಹೂಂ" ಎಂದಳು, ಅಷ್ಟೇ. ಓಣಿಗೆಲ್ಲ ಕೇಳುವ ಆ ಗಂಟಲಿನಿಂದ ಇಷ್ಟು ಸಣ್ಣ ದನಿ ಬಂದದ್ದನ್ನು ನಾನು ಕೇಳಿರಲಿಲ್ಲ.

"ನಾನೂ ನಿನ್ನ ಹುಡುಕೀನವ್ವ," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ಅಪ್ಪ ನಿನ್ನ ಸುದ್ದಿ ಎತ್ತತಿದ್ದಿಲ್ಲ. ಅಪ್ಪ ಹೋದ ಮ್ಯಾಲ ಆದೋನಿಗೆ ಬಂದು, ಮದ್ದಿಕೇರ ಬಸಪ್ಪನ ಮಗಳು ಎಲ್ಲಿ ಅದಾಳ ಅಂತ ಕೇಳಿದೆ. ಅಂಥಾಕಿ ಇಲ್ಲಿ ಯಾರೂ ಇಲ್ಲ ಅಂದ್ರು."

"ಅಲ್ಲಿ ನಾನು ಮದ್ದಿಕೇರದಾಕಿ ಹೆಂಗ ಆಗ್ತೀನೋ? ದಲಾಲಿ ಮನಿಯಾಕಿ ನಾನು!" ಎಂದು ದೊಡ್ಡಮ್ಮ ಅಣ್ಣನನ್ನು ಬೈದಳು. ಬೈಗುಳ ಶುರುವಾದ ಮೇಲೆ ನನಗೆ ಧೈರ್ಯ ಬಂತು, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಅದೇ ವರ್ಷ ದೊಡ್ಡಮ್ಮನ ಮೊಮ್ಮಗಳ ಮದುವೆ. ಪತ್ತಿಕೊಂಡದಿಂದ ಟ್ರ್ಯಾಕ್ಸ್ ಗಾಡಿ ತುಂಬ ಜನ ಬಸ್ ಸ್ಟ್ಯಾಂಡಿಗೆ ಬಂದಿಳಿದರು. ಮುಂದೆ ಹಲಗೆ ಬಾರಿಸುವವರು, ಹಿಂದೆ ಮುಯ್ಯದ ಬುಟ್ಟಿ ಹೊತ್ತ ಸೊಸೆಯಂದಿರು, ನಡುವೆ ಹೊಸ ರುಮಾಲು ಸುತ್ತಿದ ವೀರಣ್ಣ. ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಗೆ ನೆಟ್ಟಗಿನ ದಾರಿ ಇದೆ. ದೊಡ್ಡಮ್ಮ ತಾನೇ ಎದುರು ಹೋಗಿ ಅವರನ್ನು ಸುತ್ತಿನ ದಾರಿಯಲ್ಲಿ ಕರೆತಂದಳು. ಯಾಕೆಂದು ಕೇಳಬೇಕೆ? ಆ ದಾರಿಯಲ್ಲಿ ನೆಗೆಣ್ಣಿಯ ಮನೆ ಇತ್ತು. ಹಲಗೆಯ ಸದ್ದಿಗೆ ನೆಗೆಣ್ಣಿ ಬಾಗಿಲಿಗೆ ಬಂದಳು.

"ಯಾರಿವರೆಲ್ಲಾ?"

"ನನ್ನ ತವರಿನವರು. ಸ್ವಲ್ಪ ಸರಿದು ನಿಲ್ಲು, ಬುಟ್ಟಿ ದೊಡ್ಡವು ಅದಾವ."

ನಾನು ಆ ದಿನದಷ್ಟು ಸಂತೋಷವನ್ನು ನನ್ನ ಸ್ವಂತ ಮದುವೆಯಲ್ಲೂ ಪಟ್ಟಿಲ್ಲ. ವೀರಣ್ಣ ತಂದ ಸೀರೆಯನ್ನು ಉಟ್ಟುಕೊಂಡು ದೊಡ್ಡಮ್ಮ ಚಪ್ಪರದಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಡ್ಡಾಡಿದಳು. ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಆದೋನಿಯಲ್ಲಿ ಸುದ್ದಿ ಹಬ್ಬಿ, ಆಮೇಲೆ ಎಷ್ಟೋ ಜನ ತಮ್ಮ ದೊಡ್ಡಪ್ಪನನ್ನೋ ಸೋದರತ್ತೆಯನ್ನೋ ಹುಡುಕಿಕೊಡಿ ಎಂದು ನನ್ನ ಮನೆ ಬಾಗಿಲಿಗೆ ಬಂದರು. ಕೆಲವರದು ಸಿಕ್ಕಿತು. ಹುಡುಕುವಾಗಲೆಲ್ಲ ದೊಡ್ಡಮ್ಮ ತನ್ನ ಕಟ್ಟೆಯ ಮೇಲಿಂದಲೇ ಹೆಸರಿನ ಮೊದಲ ಪದ ನೋಡಿದ್ಯಾ ಇಲ್ಲಾ ಎಂದು ಕೂಗಿ ಕೇಳುತ್ತಿದ್ದಳು.

ಕೆಲವು ವರ್ಷ ಹೀಗೇ ಬಾಳಿದಳು. ಪಂಚಮಿಗೆ ತವರಿಗೆ ಹೋಗುತ್ತೇನೆ ಎಂದು ಓಣಿಗೆಲ್ಲ ಹೇಳಿ ಹೋಗುವುದು, ಬರುವಾಗ ತಂಬಿಟ್ಟು, ಉಂಡಿ ತಂದು ಹಂಚುವುದು... ಒಂದು ದಿನ ಬೆಳಗಿನ ಪೂಜೆಗೆ ಕೂತವಳು ಮತ್ತೆ ಏಳಲಿಲ್ಲ.

ನಮ್ಮಲ್ಲಿ ಹೆಣವನ್ನು ಕೂಡಿಸಿ, ವಿಮಾನ ಎನ್ನುವ ಅಲಂಕರಿಸಿದ ಚಟ್ಟ ಕಟ್ಟಿ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ. ಪತ್ತಿಕೊಂಡಕ್ಕೆ ಫೋನು ಹೋಯಿತು. ವೀರಣ್ಣನಿಗೆ ಮೈಯಲ್ಲಿ ಹುಷಾರಿಲ್ಲ, ಆದರೂ ಹೊರಟಿದ್ದಾನೆ ಎಂದರು. ಮಧ್ಯಾಹ್ನ ಕಳೆಯಿತು, ಬಿಸಿಲು ಗೋಡೆ ಹತ್ತಿತು, ಅವರು ಬರಲಿಲ್ಲ. ದಾರಿಯಲ್ಲಿ ಗಾಡಿ ಕೆಟ್ಟಿದೆಯಂತೆ. ಹಿರಿಯರು ಗಡಿಬಿಡಿ ಮಾಡತೊಡಗಿದರು. ಯಾರಾದರೂ ಒಂದು ಸೀರೆ ಕೊಡಿ, ಹೊತ್ತಾಯಿತು ಎಂದರು. ಯಾರೋ ನನ್ನ ಮುಖ ನೋಡಿದರು, ಹಿಂದೆ ಕೊಟ್ಟವರ ಮಗಳಲ್ಲವೆ ನಾನು. ನಾನು ಹೊಸಿಲಿಗೆ ಅಡ್ಡ ಕೂತುಬಿಟ್ಟೆ. "ಕೊಡಂಗಿಲ್ಲ. ಆಕಿಗೆ ತವರೈತಿ. ಬರ್ತಾರ" ಎಂದೆ. ಬೈದರು, ಬೈಯಲಿ ಎಂದು ಕೂತೆ.

ಹೊತ್ತು ಮುಳುಗಲು ಇನ್ನೂ ಒಂದು ಮೊಳ ಇರುವಾಗ ಓಣಿಯ ತುದಿಯಲ್ಲಿ ಆಟೋ ನಿಂತಿತು. ಮಗನ ಹೆಗಲು ಹಿಡಿದು ವೀರಣ್ಣ ಇಳಿದ. ಕಂಕುಳಲ್ಲಿ ಸೀರೆ ಇತ್ತು. ಯಾರ ಕೈಗೂ ಕೊಡಲಿಲ್ಲ, ತಾನೇ ಮಡಿಕೆ ಬಿಚ್ಚಿ ತಂಗಿಯ ಮೈಮೇಲೆ ಹೊದಿಸಿದ. ಆಮೇಲೆ ಆಕೆಯ ಕಿವಿಯ ಹತ್ತಿರ ಬಗ್ಗಿ ಆ ಹುಟ್ಟಿದ ಹೆಸರಿನಿಂದ ಕರೆದ.

"ತಡ ಆತೇನವ್ವಾ?"

ನಾನೇ ಹೇಳಿದೆ: "ಇಲ್ಲ ಮಾವ. ಬರಾಬರ್ ಹೊತ್ತಿಗೆ ಬಂದೀರಿ."

ಅದಾದ ಮೇಲೆ ಆ ಓಣಿಯ ಪಟ್ಟಿ ನನ್ನ ಹತ್ತಿರವೇ ಇದ್ದುದರಿಂದ, ಆಕೆಯ ಹೆಸರನ್ನು ತೆಗೆಯಲು ಬರೆದುಕೊಟ್ಟಿದ್ದೂ ನಾನೇ. ವೀರಣ್ಣ ಮಾವನೂ ಈಗಿಲ್ಲ. ಮೊನ್ನೆ ಅಂಗಡಿಯಿಂದ ಮನೆಗೆ ಬಂದು ಹೊಸ ಪಟ್ಟಿಯಲ್ಲಿ ನಮ್ಮ ಓಣಿಯನ್ನು ನೋಡಿದೆ. ಎದುರುಮನೆಯಲ್ಲಿ ಮಗನಿದ್ದಾನೆ, ಸೊಸೆ ಇದ್ದಾಳೆ. ಆಕೆ ಇಲ್ಲ ಎಂದು ಗೊತ್ತಿದ್ದೂ ಇನ್ನೊಂದು ಸಲ ಮೇಲಿನಿಂದ ಕೆಳಗೆ ಬೆರಳಾಡಿಸಿದೆ. ಹೋದವಳು ತವರಿನ ಸೀರೆ ಹೊದ್ದು ಹೋದಳಲ್ಲ ಎಂದು ಸಮಾಧಾನ ಮಾಡಿಕೊಂಡೆ, ಅದು ನಿಜವಾದ ಸಮಾಧಾನವೇ. ಆದರೂ ಆ ಮಧ್ಯಾಹ್ನ ಎದುರಿನ ಕಟ್ಟೆಯಿಂದ ಯಾರೂ ನನ್ನನ್ನು ಟೀಚರಮ್ಮ ಎಂದು ಕೂಗಲಿಲ್ಲ, ಮತ್ತು ನಾನು ಬಾಗಿಲು ಹಾಕಿಕೊಂಡು ಅತ್ತೆ.